ಎರಡು ಬೆರಳು ಇಳಿದ ಮೂಲೆ

ಈಜುಕೊಳದ ನೀರು ಮೂರು ಮೂಲೆಗಳಲ್ಲಿ ನೀಲಿ ಟೈಲ್ ಬಿಲ್ಲೆಗಳ ಅಂಚಿಗೆ ಸರಿಯಾಗಿ ನಿಂತಿತ್ತು. ನಾಲ್ಕನೆಯದರಲ್ಲಿ, ಅಂಜೂರದ ಮರದ ಕಡೆಯ ಮೂಲೆಯಲ್ಲಿ, ಅಂಚನ್ನು ನುಂಗಿ ಎರಡು ಬೆರಳು ಮೇಲೆ ಬಂದಿತ್ತು. ನೀರು ಗುಡ್ಡ ಹತ್ತುವುದಿಲ್ಲ. ಇಳಿದದ್ದು ಮೂಲೆ. ಚೀಲವನ್ನು ಹೆಗಲಿನಿಂದ ಇಳಿಸುವ ಮೊದಲೇ ಯೆರ್ಕೊನಿಗೆ ಇದು ಗೊತ್ತಾಗಿಹೋಗಿತ್ತು. ಆದರೂ ಮೊಣಕಾಲೂರಿ ಕುಳಿತ, ರಸಮಟ್ಟ ತೆಗೆದು ಅಂಚಿನ ಕಲ್ಲಿನ ಮೇಲಿಟ್ಟ, ಗಾಜಿನ ನಳಿಗೆಯೊಳಗಿನ ಗುಳ್ಳೆ ಒಂದೇ ಏಟಿಗೆ ತುದಿಗೆ ಓಡಿ ಅಲ್ಲಿಯೇ ಅಂಟಿಕೊಂಡದ್ದನ್ನು ನೋಡಿದ, ಎತ್ತಿದ, ಬೇರೆ ಕಡೆ ಇಟ್ಟ. ಮಹಡಿಯ ಮೇಲೆ ಕಾಫಿ ಹಿಡಿದು ನಿಂತವನಿಗೆ ತಾನು ಕೆಲಸ ಮಾಡುತ್ತಿರುವಂತೆ ಕಾಣಬೇಕು ಎಂಬ ಒಂದೇ ಕಾರಣಕ್ಕೆ ಹೀಗೆ ಮೂರು ಸಲ ಮಾಡಿದೆ ಎಂದು ಹೊಳೆದಾಗ ಅವನಿಗೆ ಆ ಗುಳ್ಳೆಯ ಮೇಲೆಯೇ ಸಿಟ್ಟು ಬಂತು. ನಲವತ್ತೈದು ವರ್ಷ ಗಾರೆ ಕಲಸಿದ ಕೈ. ಊರಿನ ಅರ್ಧ ಗೋಡೆಗಳು ಈ ಕೈಯವು. ಆ ಕೈ ಈಗ ಪರೀಕ್ಷೆಗೆ ಕುಳಿತ ಹುಡುಗನ ಕೈಯಂತೆ ಯಾರಿಗೋ ಕಾಣಲೆಂದು ಆಡುತ್ತಿತ್ತು.

"ಏನ್ ಮಾವಾ, ನೀರಲ್ಲಿ ಮುಖ ನೋಡ್ಕೋತಿದ್ದೀಯಾ?" ಸ್ಲಾವೆನ್ ಮೇಲಿನಿಂದ ಕೂಗಿದ. "ಶನಿವಾರ ಜನ ಬರ್ತಾರೆ. ಎಂಟು ಜನ, ಅದ್ರಲ್ಲಿ ಮೂರು ಮಕ್ಕಳು. ಇವತ್ತು ಗುರುವಾರ, ನೆನಪಿರ್ಲಿ."

"ನೋಡ್ತಿದ್ದೀನಿ. ನೀವು ಕೆಳಗೆ ಬಂದ್ರೆ ತೋರಿಸ್ತೀನಿ."

ನೀವು. ಬಾಯಿಂದ ತಾನಾಗಿ ಬಿದ್ದಿತ್ತು ಅದು. ಈ ಸ್ಲಾವೆನ್ ಬಸ್ ಡ್ರೈವರನ ಮಗ, ಇವನಿಗೆ ಸೈಕಲ್ ಕಲಿಸಿದವನು ಯೆರ್ಕೊ, ಇವನ ಮೂಗು ಒರೆಸಿದ್ದೂ ಉಂಟು. ಚಿಕ್ಕವನಿದ್ದಾಗ ಗೌರವದಿಂದ ನೀವು ಎನ್ನುತ್ತಿದ್ದ. ಬಾಡಿಗೆಗೆ ಕೊಡಲು ಊರಿನಲ್ಲಿ ಮೂರನೆಯ ಮನೆ ಕೊಂಡ ಮೇಲೆ ಅದು ನೀನು ಆಯಿತು, ಐದನೆಯದಕ್ಕೆ ಯೆರ್ಕೊನ ನಾಲಿಗೆಯೇ ತಲೆಬಾಗಿ ಅವನಿಗೆ ನೀವು ಎನ್ನತೊಡಗಿತು. ಯಾವ ದಿನ, ಯಾವ ಮಾತಿನ ನಡುವೆ ಹಾಗಾಯಿತು ಎಂದು ಹುಡುಕಿದರೆ ಸಿಗುವುದಿಲ್ಲ. ಬಿರುಕೂ ಹಾಗೆಯೇ. ಒಂದು ದಿನ ಕೂದಲಿನಷ್ಟು, ಇನ್ನೊಂದು ದಿನ ನೋಡಿದರೆ ಬೆಂಕಿಕಡ್ಡಿ ತೂರುವಷ್ಟು. ಈ ಕೊಳದ ಬಿರುಕು ಅಂಚಿನ ಕಲ್ಲಿನಿಂದ ಹೊರಟು ಓರೆಯಾಗಿ ಬಿಲ್ಲೆಗಳನ್ನು ಸೀಳಿಕೊಂಡು ತಳದತ್ತ ಇಳಿದಿತ್ತು, ಮೇಲೆ ಅಗಲ, ಕೆಳಗೆ ಸಣ್ಣ. ಬರೀ ಗಾರೆಯ ಬಿರುಕಾಗಿದ್ದರೆ ಜೇಡರಬಲೆಯಂತೆ ಎಲ್ಲ ಕಡೆಗೂ ಹರಡುತ್ತಿತ್ತು. ಮೇಲೆ ಬಾಯಿಬಿಟ್ಟು ಓರೆಗೆ ಇಳಿದರೆ ಪಾಯ ಕೈಬಿಟ್ಟಿದೆ ಎಂದು ಅರ್ಥ. ಇದನ್ನು ಎರಡು ಸಲ ಯಾರೋ ಬಿಳಿ ಮೇಣದಂಥದ್ದು ತುಂಬಿ ಮುಚ್ಚಿದ್ದರು, ಎರಡು ಸಲವೂ ಅದು ಮೇಣವನ್ನು ಉಗುಳಿತ್ತು.

ತಿಲಕ್ ಬಲೆ ಹಿಡಿದು ನೀರಿನ ಮೇಲಿನ ಎಲೆ ತೆಗೆಯುತ್ತಿದ್ದ. ನೇಪಾಳದವನು, ಆರು ವರ್ಷದ ಹಿಂದೆ ಯೆರ್ಕೊನ ಕೈಕೆಳಗೆ ಈ ಕೊಳ ಕಟ್ಟುವ ಕೆಲಸಕ್ಕೆಂದು ಬಂದವನು ಸ್ಲಾವೆನ್‌ನ ಐದೂ ಮನೆಗಳಿಗೆ ಎಲ್ಲವೂ ಆಗಿ ಉಳಿದುಬಿಟ್ಟಿದ್ದ. ಕೊಳ ತೊಳೆಯುವವನು, ಹಾಸಿಗೆ ಹೊರುವವನು, ಬೀಗದ ಕೈ ಕೊಡುವವನು. ಅವನು ಈ ದೇಶದಲ್ಲಿ ಇರಲು ಬೇಕಾದ ಕಾಗದ ಸ್ಲಾವೆನ್‌ನ ಕಪಾಟಿನಲ್ಲಿತ್ತು. ಅವನು ಮೆಟ್ಟಿಲ ಮೇಲಿಟ್ಟಿದ್ದ ಬಕೆಟ್ಟನ್ನು ಕಣ್ಣಲ್ಲೇ ತೋರಿಸಿದ.

"ನೀವು ಹೇಳಿದ ಹಾಗೇ ಮಾಡಿದೆ ಮೇಸ್ತ್ರಿ. ಕೊಳದ ನೀರೇ ತುಂಬಿ ಇಟ್ಟೆ. ನಿನ್ನೆಯಿಂದ ಇಲ್ಲಿವರೆಗೆ ಬಕೆಟ್ಟಲ್ಲಿ ಉಗುರಿನಷ್ಟು ಇಳಿದಿದೆ. ಕೊಳದಲ್ಲಿ ಮೂರು ಬೆರಳು. ಬೆಳಿಗ್ಗೆ ಪೈಪು ಬಿಟ್ಟು ನಾನೇ ತುಂಬಿಸಿದೆ."

"ದಿನಾ ತುಂಬಿಸ್ತಿದ್ದೀಯಾ?"

"ಏಪ್ರಿಲಿನಿಂದ." ತಿಲಕ್ ದನಿ ತಗ್ಗಿಸಿದ. "ಅಷ್ಟು ನೀರು ಎಲ್ಲಿಗೆ ಹೋಗ್ತದೆ ಮೇಸ್ತ್ರಿ?"

ಯೆರ್ಕೊ ಅವನ ಮುಖ ನೋಡಲಿಲ್ಲ. ಎಲ್ಲಿಗೆ ಹೋಗುತ್ತದೆ ಎಂದು ಈ ಭೂಮಿಯ ಮೇಲೆ ಇಬ್ಬರಿಗೆ ಗೊತ್ತು, ಅವರಲ್ಲಿ ಒಬ್ಬ ನೀನು, ಗೊತ್ತಿದ್ದೂ ಕೇಳುತ್ತೀಯಲ್ಲ ಎಂದು ರೇಗಬೇಕೆನಿಸಿತು. ಬದಲಿಗೆ ಸುತ್ತಿಗೆಯ ಹಿಡಿಯಿಂದ ಅಂಚಿನಾಚೆಯ ಚಪ್ಪಡಿಗಳನ್ನು ಒಂದೊಂದಾಗಿ ತಟ್ಟುತ್ತ ಹೋದ. ಗಟ್ಟಿ, ಗಟ್ಟಿ, ಗಟ್ಟಿ. ಅಂಜೂರದ ಕಡೆ ತಿರುಗಿದ ಕೂಡಲೇ ಸದ್ದು ಬದಲಾಯಿತು, ಖಾಲಿ ಪೀಪಾಯಿ ತಟ್ಟಿದ ಹಾಗೆ. ಆ ಸದ್ದು ಅವನನ್ನು ಏಳು ವರ್ಷದವನಾಗಿಸಿ, ಮೈಗೆ ಹಗ್ಗ ಬಿಗಿದು, ಒಂದು ಕಾಲಕ್ಕೆ ಇಲ್ಲೇ ಇದ್ದ ಮಳೆನೀರಿನ ತೊಟ್ಟಿಯ ಬಾಯಿಕಲ್ಲಿನೊಳಗೆ ತೂರಿಸಿ ಕೆಳಗೆ, ಕೆಳಗೆ, ಅಜ್ಜ ಬಂಡೆ ಕೊರೆದು ಕಮಾನು ಕಟ್ಟಿದ ಆ ಕತ್ತಲೆಗೆ ಇಳಿಸಿತು. ಆಗ ತಮ್ಮದಾಗಿದ್ದ ಈ ಮನೆಯ ಸೂರಿನ ಪ್ರತಿಯೊಂದು ಕಲ್ಲುಹಲಗೆಯೂ ಮಳೆಯನ್ನು ಈ ತೊಟ್ಟಿಗೆ ತಂದು ಸುರಿಯಲೆಂದೇ ಓರೆಯಾಗಿತ್ತು. ಬಾವಿಯಿಲ್ಲ, ಹೊಳೆಯಿಲ್ಲ, ಸುಣ್ಣಕಲ್ಲಿನ ಈ ಬೆಟ್ಟದಲ್ಲಿ ಬಿದ್ದ ಮಳೆ ಬಿದ್ದಲ್ಲೇ ಮಾಯ, ಹಿಡಿದಿಟ್ಟವನಿಗೆ ಮಾತ್ರ ನೀರು. ಪ್ರತಿ ಆಗಸ್ಟಿನಲ್ಲಿ ಚಿಕ್ಕ ಮೈಯವನು ಇಳಿದು ಗೋಡೆ ಉಜ್ಜಬೇಕು, ಸುಣ್ಣ ಬಳಿಯಬೇಕು. ಮೇಲೆ ಹಗ್ಗ ಹಿಡಿದು ಅಕ್ಕ ವಿನ್ಕಾ. ಸೆಪ್ಟೆಂಬರಿನ ಮಳೆಗೆ ತೊಟ್ಟಿ ತುಂಬಿದ ಮೇಲೆ ಮೊದಲ ಲೋಟವನ್ನು ತೊಳೆದವನೇ ಎಲ್ಲರ ಮುಂದೆ ಕುಡಿಯಬೇಕು. ಉಜ್ಜದೆ ಬಿಟ್ಟಿದ್ದರೆ, ಹೆದರಿ ಮೂಲೆಯಲ್ಲಿ ಉಚ್ಚೆ ಹೊಯ್ದಿದ್ದರೆ, ನಿನ್ನ ಪಾಪ ನಿನ್ನ ಹೊಟ್ಟೆಗೆ ಎನ್ನುತ್ತಿದ್ದಳು ಅಮ್ಮ. ಅವನು ಕುಡಿಯುವಾಗ ಮನೆಯವರೆಲ್ಲ ಅವನ ಗಂಟಲನ್ನೇ ನೋಡುತ್ತಿದ್ದರು.

ಮತ್ತು ಅತ್ತೆ. ಅವನು ಹುಟ್ಟಿದ ವರ್ಷ ಅಪ್ಪ ನದಿಯಿಂದ ಒದ್ದೆ ಹುಲ್ಲಿನ ಬುಟ್ಟಿಯಲ್ಲಿ ಬೆರಳುದ್ದದ ಹಾವುಮೀನೊಂದನ್ನು ತಂದು ತೊಟ್ಟಿಗೆ ಬಿಟ್ಟಿದ್ದ. ಹುಳು ತಿಂದು ನೀರನ್ನು ಚೊಕ್ಕವಾಗಿಡಲು ಊರಿನ ಎಲ್ಲ ತೊಟ್ಟಿಗಳಲ್ಲೂ ಒಂದೊಂದು ಇರುತ್ತಿತ್ತು. ಕತ್ತಲಲ್ಲಿ ಕೂತು ಮನೆಯ ಮಾತೆಲ್ಲ ಕೇಳಿಸಿಕೊಳ್ಳುತ್ತಾಳೆಂದು ಅಮ್ಮ ಅದಕ್ಕೆ ಅತ್ತೆ ಎಂದು ಹೆಸರಿಟ್ಟಳು. ಅಪ್ಪ ಗೊಣಗಲು ಶುರುಮಾಡಿದರೆ, "ಮೆಲ್ಲಗೆ, ಅತ್ತೆ ಇದ್ದಾಳೆ ಕೆಳಗೆ" ಎನ್ನುತ್ತಿದ್ದಳು. ಮೊದಲ ಸಲ ಇಳಿದಾಗ ತಣ್ಣಗಿನದೇನೋ ಅವನ ಹಿಮ್ಮಡಿಯನ್ನು ಸುತ್ತಿ ಹೋಗಿ ಅವನು ಚೀರಿದ್ದ. ಮೇಲಿನ ಬೆಳಕಿನ ಬಿಲ್ಲೆಯೊಳಗೆ ವಿನ್ಕಾಳ ತಲೆ ಕಾಣಿಸಿಕೊಂಡಿತ್ತು. "ಹೆದರ್ಬೇಡ್ವೋ ಪೆದ್ದ, ಅವಳು ನಮ್ಮನೆಯವಳೇ."

"ಎಲ್ಲಾ ಬಿಸಿಲಿಗೆ ಆವಿ ಆಗೋದು." ಸ್ಲಾವೆನ್ ಕೆಳಗೆ ಬಂದಿದ್ದ, ಕಾಲಿಗೆ ಚಪ್ಪಲಿಯಿಲ್ಲ, ಕೈಯಲ್ಲಿ ಒಂದು ಕಾಗದ. "ತಟ್ಟಿ ತಟ್ಟಿ ಏನ್ ಕೇಳಿಸ್ಕೋತೀಯ, ನೀನೇನು ಡಾಕ್ಟ್ರಾ? ಬಿರುಕು ಮುಚ್ಚು, ಬಿಲ್ಲೆ ಅಂಟಿಸು, ಇದಕ್ಕೊಂದು ಸಹಿ ಹಾಕು. ಅಷ್ಟೇ ಕೆಲಸ."

ಆ ಕಾಗದ, ಬಾಡಿಗೆಗೆ ಜನರನ್ನು ಕಳಿಸುವ ಕಂಪನಿಗಾಗಿ. ಹೋದ ವರ್ಷ ಉಳಿದುಕೊಂಡಿದ್ದ ಯಾರೋ ಬಿರುಕಿನ ಫೋಟೊ ಕಳಿಸಿದ್ದರಂತೆ. ಪರವಾನಗಿ ಇರುವ ಮೇಸ್ತ್ರಿಯೊಬ್ಬ ಕಾರಣ ಬರೆದು, ಕೊಳ ಸುರಕ್ಷಿತ ಎಂದು ಸಹಿ ಮಾಡಬೇಕು. ಕಾರಣವನ್ನು ಸ್ಲಾವೆನ್ ಆಗಲೇ ಬರೆಸಿದ್ದ. ಯೆರ್ಕೊ ಕನ್ನಡಕ ಹಾಕಿಕೊಂಡು ಓದಿದ. ಕೆಲಸಗಾರ ತಿಲಕ್ ಥಾಪಾ ಎಂಬಾತನು ಮೇಸ್ತ್ರಿಯ ಸೂಚನೆಯನ್ನು ಮೀರಿ, ತಳಪಾಯದ ತುಂಬುಮಣ್ಣಿಗೆ ದಮ್ಮಸ್ಸು ಹೊಡೆದು ಗಟ್ಟಿ ಮಾಡದೆ ಬಿಟ್ಟ ಅಜಾಗರೂಕತೆಯಿಂದ. ದೋಷವನ್ನು ಈಗ ಪೂರ್ಣವಾಗಿ ಸರಿಪಡಿಸಲಾಗಿದ್ದು.

"ಇವನ ಹೆಸರು ಯಾಕೆ?"

"ಯಾರದ್ದಾದ್ರೂ ಬೇಕಲ್ಲ. ನಿನ್ನದು ಹಾಕ್ಲಾ?" ಸ್ಲಾವೆನ್ ನಕ್ಕ. "ಮಾವಾ, ಪಿಂಚಣಿಗೆ ಇನ್ನೆರಡು ವರ್ಷ ನಿಂಗೆ. ಪರವಾನಗಿ ಹೋದ್ರೆ ಯಾವ ಗೋಡೆ ಕಟ್ತೀಯ? ಇವನಿಗೇನು, ಇಲ್ಲಿಂದ ಕಳಿಸಿದ್ರೆ ಇನ್ನೊಂದು ದೇಶ. ಅವರಿಗೆ ಅಭ್ಯಾಸ ಆಗಿರತ್ತೆ."

ಅಭ್ಯಾಸ. ಯೆರ್ಕೊನ ಅಪ್ಪನನ್ನು ಜರ್ಮನಿಯ ಕಟ್ಟಡ ಕೆಲಸಕ್ಕೆ ಹೊತ್ತುಕೊಂಡು ಹೋದ ರೈಲಿನಲ್ಲಿ ಇದೇ ಮಾತು ಕೇಳಿಬಂದಿರಬೇಕು, ಇವರಿಗೆ ಅಭ್ಯಾಸ, ಹನ್ನೊಂದು ಜನ ಒಂದು ಕೋಣೆ, ಇವರಿಗೆ ಅಭ್ಯಾಸ. ಅಪ್ಪ ವರ್ಷಕ್ಕೊಮ್ಮೆ ಬಂದಾಗ ಮೊದಲು ತೊಟ್ಟಿಯ ಹತ್ತಿರ ಹೋಗಿ ನೀರು ಸೇದಿ ಕುಡಿದು, ಆಮೇಲೆ ಮಕ್ಕಳನ್ನು ಮುಟ್ಟುತ್ತಿದ್ದ. ಅಂಥ ಅಪ್ಪನ ಮಗನಿಗೆ ಸಿಟ್ಟು ಬಂದರೂ ಕಾಗದ ಹರಿಯಲಿಲ್ಲ. ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಮಧ್ಯಾಹ್ನದೊಳಗೆ ನೋಡುತ್ತೇನೆ ಅಂದ. ನೋಡುತ್ತೇನಂತೆ! ತನ್ನ ದನಿ ತನಗೇ ಹೇಸಿಗೆಯಾಗುವಷ್ಟು ನಯವಾಗಿತ್ತು.

ಗಾರೆ ಕಲಸುವ ನೆಪದಲ್ಲಿ ಅವನು ಕಲ್ಲುಗೋಡೆಯ ಹತ್ತಿರ ಹೋದ. ಗೋಡೆಯಾಚೆ ವಿನ್ಕಾಳ ಮನೆ, ಒಂದು ಕಾಲಕ್ಕೆ ಕತ್ತೆಯ ಕೊಟ್ಟಿಗೆ. ಹಳೆಯ ಮನೆ, ಅಂಗಳ, ತೊಟ್ಟಿಯನ್ನು ಸ್ಲಾವೆನ್‌ಗೆ ಮಾರುವಾಗ ಅವಳು ಇದನ್ನು ಮಾತ್ರ ಬಿಡಲಿಲ್ಲ. ಸೊಪ್ಪಿನ ಮಡಿಗಳ ನಡುವೆ ಕೂತು ಆಲೂಗಡ್ಡೆ ಹೆಚ್ಚುತ್ತಿದ್ದವಳು ಕತ್ತೆತ್ತದೆ ಅಂದಳು, "ಬಂದ್ಯಾ? ದೊರೆಗಳ ಬೋಗುಣಿ ಸೋರ್ತಿದ್ಯಂತೆ."

"ಸಣ್ಣ ಬಿರುಕು."

"ಸೋರ್ಲಿ. ಆಗಸ್ಟಲ್ಲಿ ನಮಗೆ ದಿನಕ್ಕೆ ಎರಡು ಗಂಟೆ ನಲ್ಲಿ, ಇವರಿಗೆ ಲಾರಿ ಲಾರಿ ನೀರು. ಕುಂಡಿ ತೊಳ್ಯೋಕೆ ಐವತ್ತು ಸಾವಿರ ಲೀಟರ್ ಬೇಕಾ ಒಬ್ಬ ಮನುಷ್ಯಂಗೆ?" ಅವಳು ಚಾಕು ಒರೆಸಿದಳು. "ಹಾಂ, ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಬಸ್ಸು ಸೇತುವೆ ಮೇಲೆ ಹೋಗುವಾಗ ಯಾವತ್ತಿನ ಹಾಗೆ ಇಣುಕಿದೆ. ಪಕ್ಕದಲ್ಲಿದ್ದವಳು ಕೇಳಿದಳು, ಏನಮ್ಮಾ ಬಿದ್ದು ಹೋಯ್ತಾ ಏನಾದ್ರೂ ಅಂತ. ಇಲ್ಲ ಕಣೆ, ನಮ್ಮತ್ತೆ ಈಜ್ತಿರ್ತಾಳೆ ಅಂದೆ. ಹುಚ್ಚಿ ಅಂದ್ಕೊಂಡು ಜಾಗ ಬದಲಾಯಿಸಿದಳು!" ಎಪ್ಪತ್ತೊಂದರ ವಿನ್ಕಾ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಯೆರ್ಕೊ ಗೋಡೆಯ ಕಲ್ಲೊಂದನ್ನು ಹಿಡಿದುಕೊಂಡ. ಆರು ವರ್ಷದ ಹಿಂದೆ ಮಾರಾಟದ ಕಾಗದಕ್ಕೆ ಇಬ್ಬರ ಸಹಿಯೂ ಬೇಕಿತ್ತು. ಅವಳು ಒಂದು ತಿಂಗಳು ಬಾಗಿಲು ತೆರೆದಿರಲಿಲ್ಲ. ಕೊನೆಗೆ ತೆರೆದಾಗ ಒಂದೇ ಷರತ್ತು ಹಾಕಿದ್ದಳು, ಅತ್ತೆಯನ್ನು ಹಿಡಿದು ತಂದಲ್ಲಿಗೇ ಬಿಟ್ಟು ಬಾ. ಹಣ ಗಿಣ ಏನೂ ಕೇಳಲಿಲ್ಲ. ಬಿಟ್ಟೆ ಎಂದು ಅವನು ಕೆಲವು ದಿನದ ಮೇಲೆ ಒಂದು ಸಂಜೆ ಅವಳ ಒಲೆಯ ಮುಂದೆ ಕೂತು ಹೇಳಿದ್ದ. ಸೇತುವೆ ಕೆಳಗೆ ಬಿಟ್ಟೆ, ನೀರು ಮುಟ್ಟಿದ್ದೇ ಹೊರಟುಹೋದಳು. ತಿರುಗಿ ನೋಡಿದಳಾ ಎಂದು ಅವಳು ಕೇಳಿದಳು. ಹೂಂ ಎಂದ. ಒಂದು ಸುಳ್ಳು ಸಾಲದೆ ಎರಡನೆಯದನ್ನು ಅವನೇ ಅದರ ಮೇಲೆ ಕೂಡಿಸಿದ್ದ, ಹಸಿ ಗಾರೆಯ ಮೇಲೆ ಕಲ್ಲು ಕೂಡಿಸಿದ ಹಾಗೆ, ಗಟ್ಟಿಯಾಗಲಿ ಎಂದು.

ಮಾರಾಟ ಮುಗಿದ ಮೇಲಿನ ಸೋಮವಾರ ಪುರಸಭೆಯವನು ಜಾಗ ನೋಡಲು ಬರುವವನಿದ್ದ. ಅಷ್ಟರೊಳಗೆ ಅಲ್ಲೊಂದು ಬಾಯಿ ಇತ್ತು ಅಂತ ಗೊತ್ತಾಗಬಾರದು, ಗೊತ್ತಾದರೆ ಕೊಳಕ್ಕೆ ಅನುಮತಿ ಸಿಗಲ್ಲ ಎಂದಿದ್ದ ಸ್ಲಾವೆನ್. ಹಳೆಯ ತೊಟ್ಟಿ ಮುಚ್ಚುವುದು ಹೇಗೆಂದು ಈ ಬೆಟ್ಟದ ಯಾವ ಮೇಸ್ತ್ರಿಗೂ ಗೊತ್ತು. ಮೊದಲು ನೀರೆಲ್ಲ ಎತ್ತಬೇಕು. ಆಮೇಲೆ ಕಮಾನು ಒಡೆದು ಬಿಸಿಲು ಒಳಗೆ ಬಿಡಬೇಕು. ತಳಕ್ಕೆ ತೂತು ಹೊಡೆಯಬೇಕು, ಮುಂದೆಂದೂ ನೀರು ನಿಲ್ಲದಂತೆ. ಆಮೇಲೆ ಗೇಣು ಗೇಣಿಗೆ ಜಲ್ಲಿ ಹಾಸಿ, ಪ್ರತಿ ಗೇಣಿಗೂ ದಮ್ಮಸ್ಸು. ನಾಲ್ಕು ದಿನದ ಕೆಲಸ. ಮಾಡಲು ಆಗುತ್ತಿರಲಿಲ್ಲ ಎಂದಲ್ಲ, ಗುರುವಾರವೇ ಪಂಪು ಹಾಕಿದ್ದರೆ ಆಗುತ್ತಿತ್ತು. ಅವನಿಗೆ ಕಲ್ಲು ಸಾಕಾಗಿತ್ತು, ತೊಟ್ಟಿ ಸಾಕಾಗಿತ್ತು, ಷರತ್ತು ಹಾಕುವ ಅಕ್ಕ ಸಾಕಾಗಿದ್ದಳು, ಎಲ್ಲ ಮುಗಿದು ಪೇಟೆಯ ಫ್ಲ್ಯಾಟಿಗೆ ಹೋಗಿ ನಲ್ಲಿ ತಿರುಗಿಸಿ ಕೈ ತೊಳೆದುಕೊಳ್ಳಬೇಕೆನಿಸಿತ್ತು. ಪಕ್ಕದ ಗೋಡೆ ಕೆಡವಿದ ಕಲ್ಲುಗಳನ್ನು ಹಾಗೆಯೇ ಬಾಯಿಂದ ಸುರಿದುಬಿಡೋಣ ಎಂದ. ತಿಲಕ್ ತುಂಬಿದ ಕೈಗಾಡಿಯನ್ನು ಬಾಯಿಕಲ್ಲಿನ ತನಕ ತಳ್ಳಿಕೊಂಡು ಬಂದು, ಒಳಗೆ ಇಣುಕಿ, ಗಾಡಿಯ ಹಿಡಿಗಳನ್ನು ನೆಲಕ್ಕಿಳಿಸಿದ. ಬಂದು ಇನ್ನೂ ತಿಂಗಳಾಗಿರಲಿಲ್ಲ, ಮಾತು ಹತ್ತು ಇಪ್ಪತ್ತು ಬರುತ್ತಿದ್ದವು, ಅವುಗಳಲ್ಲೇ ಹೇಳಿದ. "ನೀರು ಇದೆ. ಜೀವ ಇದೆ. ನಾನು ಇಲ್ಲ ಮೇಸ್ತ್ರಿ."

ಯೆರ್ಕೊ ಟಾರ್ಚು ಬಿಟ್ಟು ನೋಡಿದ್ದ. ನೋಡದೆ ಸುರಿದೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ಬೆಳಕು ನೀರಿನೊಳಗೆ ಇಳಿದು ಗೋಡೆಯ ಬುಡದಲ್ಲಿ ತೋಳಿನಷ್ಟು ದಪ್ಪ, ಬೂದಿ ಬಣ್ಣದ ಒಂದು ಬಾಗಿದ ಮೈಯನ್ನು ಮುಟ್ಟಿತು. ಐವತ್ತೇಳು ವರ್ಷದ ಕತ್ತಲಿಗೆ ಹಾಲುಗಟ್ಟಿದ ಕಣ್ಣು ಬೆಳಕನ್ನು ಕಾಣದೆ ಬೆಳಕಿನ ಕಡೆಗೇ ತಿರುಗಿತು. ಅವನು ತಿಲಕ್‌ನನ್ನು ಪಕ್ಕಕ್ಕೆ ತಳ್ಳಿ, ಬಾಯಿಗೆ ಬಂದದ್ದು ಬೈದು, ಮೊದಲ ಗಾಡಿಯನ್ನು ತಾನೇ ಸುರಿದ. ಆ ಸದ್ದು. ಆಮೇಲೆ ಬಾಯಿ ತುಂಬುವ ತನಕ ಒಂದರ ಹಿಂದೊಂದು, ಎಲ್ಲವನ್ನೂ ಅವನೇ, ನಡುವೆ ನಿಲ್ಲಿಸಿದರೆ ಏನಾದರೂ ಕೇಳಿಸೀತು ಎಂದು ನಿಲ್ಲಿಸದೆ. ಬಾಯಿಂದ ಸುರಿದ ಕಲ್ಲು ಹುತ್ತದ ಹಾಗೆ ನಡುವೆ ಮಾತ್ರ ಏರುತ್ತದೆ, ಕಮಾನಿನ ಹೆಗಲ ಕೆಳಗೆ ಸುತ್ತಲೂ ಖಾಲಿ ಉಳಿಯುತ್ತದೆ. ಇದೂ ಅವನಿಗೆ ಗೊತ್ತಿತ್ತು. ಆ ಖಾಲಿಯ ಮೇಲೆ ಕಾಂಕ್ರೀಟಿನ ಮುಚ್ಚಳ, ಮುಚ್ಚಳದ ಮೇಲೆ ಕೊಳದ ಮೂಲೆ. ಬಾಯಿಕಲ್ಲನ್ನು ಸ್ಲಾವೆನ್ ಚೆಂದ ಕಂಡಿತೆಂದು ಬಾಗಿಲಲ್ಲಿಟ್ಟು ಅದರಲ್ಲಿ ಲ್ಯಾವೆಂಡರ್ ನೆಟ್ಟ. ಅಜ್ಜನ ಹೆಸರಿನ ಮೊದಲ ಅಕ್ಷರ, ಇಸವಿ ಕೆತ್ತಿದ ಕಲ್ಲು. ಬಂದವರು ಅದರ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ.

"ಏನೋ, ಕಲ್ಲಿಗೆ ಅಂಟ್ಕೊಂಡ್ಯಾ? ಮುಖ ಯಾಕೆ ಹಾಗಿದೆ?" ವಿನ್ಕಾ ಕೇಳಿದಳು. "ಊಟಕ್ಕೆ ಬಾ. ಸೊಪ್ಪು, ಆಲೂಗಡ್ಡೆ, ಒಣಮೀನಿದೆ."

"ಕೆಲಸ ಇದೆ ಅಕ್ಕಾ."

ತಿರುಗಿ ಬಂದಾಗ ತಿಲಕ್ ಅಂಚಿನ ಮೇಲೆ ಕೂತು ಆ ಕಾಗದ ಹಿಡಿದಿದ್ದ. ಗಾರೆಯ ಬಾಣಲೆಗೆ ಬಗ್ಗಿದಾಗ ಯೆರ್ಕೊನ ಜೇಬಿನಿಂದ ಬಿದ್ದಿರಬೇಕು. ತಿಲಕ್‌ಗೆ ಈ ಊರಿನ ಮಾತು ಚೆನ್ನಾಗಿ ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಅಷ್ಟು ಸಾಲುಗಳಲ್ಲಿ ಅವನು ಎರಡೇ ಪದ ಗುರುತಿಸಿ ಅವುಗಳ ಮೇಲೆ ಬೆರಳಿಟ್ಟಿದ್ದ.

"ಇದು ನನ್ನ ಹೆಸರು. ಯಾಕಿದೆ ಮೇಸ್ತ್ರಿ? ಕಾಗದ ಹೊಸದು ಮಾಡಿಸ್ತೀನಿ ಅಂದಿದ್ರು ಸಾಹೇಬ್ರು. ಅದಾ ಇದು?"

ಅವನ ಮುಖದಲ್ಲಿ ಆಸೆ ಇತ್ತು. ಬೈಗುಳ, ಸಂಶಯ, ಭಯ, ಏನಿದ್ದರೂ ಯೆರ್ಕೊ ತಡೆದುಕೊಳ್ಳುತ್ತಿದ್ದ. ಆಸೆ ಇತ್ತು. ಮನುಷ್ಯನನ್ನು ದೇಶದಿಂದ ಓಡಿಸುವ ಕಾಗದದ ಮೇಲೆ ಅವನೇ ಬೆರಳಿಟ್ಟು ಇದು ನನಗೆ ಬಂದ ಒಳ್ಳೆಯ ಸುದ್ದಿಯಾ ಎಂದು ಕೇಳುವಂತೆ ಮಾಡಿದವರು ಯಾರು? ಸ್ಲಾವೆನ್ ಒಬ್ಬನೇ ಅಲ್ಲ. ಜೇಬಿನಲ್ಲಿಟ್ಟುಕೊಂಡು ಮಧ್ಯಾಹ್ನದೊಳಗೆ ನೋಡುತ್ತೇನೆ ಎಂದವನು, ಇಬ್ಬರಿಗೆ ಗೊತ್ತಿದ್ದ ಸತ್ಯಕ್ಕೆ, ಇನ್ನೊಬ್ಬನನ್ನು ವಿಮಾನ ಹತ್ತಿಸಿದರೆ, ನಾನೊಬ್ಬನೇ ಸಾಕ್ಷಿಯಾಗಿ ಉಳಿಯುತ್ತೇನೆ ಎಂದು ಎಲ್ಲೋ ಆಳದಲ್ಲಿ ಲೆಕ್ಕ ಹಾಕಿದವನು. ಹೌದು, ಹಾಕಿದ್ದ. ಗೋಡೆಯ ಕಲ್ಲು ಹಿಡಿದು ನಿಂತಾಗಲೇ ಹಾಕಿದ್ದ.

"ತಿಲಕ್," ಅಂದ. "ತಳದ ಪಂಪು ಹಾಕು. ಕೊಳ ಖಾಲಿ ಮಾಡು."

"ಎಲ್ಲಾನಾ?"

"ತೊಟ್ಟೂ ಬಿಡ್ಬೇಡ. ಪೈಪನ್ನ ಕೆಳಗಿನ ಮುಳ್ಳುಹೊಲಕ್ಕೆ ಬಿಡು."

ಪಂಪು ಗುರುಗುಟ್ಟತೊಡಗಿದಾಗ ಅವನು ಕಾಂಕ್ರೀಟ್ ಒಡೆಯುವ ಮಷೀನನ್ನು ವ್ಯಾನಿನಿಂದ ಎಳೆದು ತಂದ. ಅಂಜೂರದ ಬುಡದಿಂದ ಆರು ಹೆಜ್ಜೆ, ಇಳಿದ ಮೂಲೆಗೆ ಒಂದು ಮೊಳ ದೂರ, ಪೀಪಾಯಿಯ ಸದ್ದು ಕೊಟ್ಟ ಚಪ್ಪಡಿ. ಉಳಿ ಮುಟ್ಟಿದ್ದೇ ನಯವಾದ ಬೂದು ಬಿಲ್ಲೆ ಗಾಜಿನಂತೆ ಚೂರಾಯಿತು. ಮೈಯೆಲ್ಲ ಗಡಗಡ ನಡುಗುವಾಗ ಅವನಿಗೆ ಆರು ವರ್ಷದಲ್ಲಿ ಮೊದಲ ಸಲ ತನ್ನ ಕೈ ತನ್ನದೆನಿಸಿತು. ಸ್ಲಾವೆನ್ ಓಡಿ ಬಂದ, ಬರಿಗಾಲಿಗೆ ಚೂರು ಚುಚ್ಚಿ ಕುಂಟಿದ.

"ಏಯ್! ಏಯ್ ಮುದುಕಾ! ತಲೆ ಕೆಟ್ಟಿದ್ಯಾ? ಇಟಲಿಯಿಂದ ತರ್ಸಿದ ಬಿಲ್ಲೆ ಅದು!"

"ಇಟಲಿಯವರಿಗೆ ಹೇಳು, ಬಿಲ್ಲೆ ಚೆನ್ನಾಗಿತ್ತು, ಕೆಳಗೆ ನೆಲ ಇರ್ಲಿಲ್ಲ ಅಂತ."

ಆ ಮಾತು ಮುಗಿಯುವಷ್ಟರಲ್ಲಿ ಉಳಿ ಹಿಡಿಯ ತನಕ ಒಮ್ಮೆಲೇ ಒಳಗೆ ಹೋಯಿತು. ಅವನು ಮಷೀನು ನಿಲ್ಲಿಸಿ, ಹಾರೆಯಿಂದ ಚೂರುಗಳನ್ನು ಕಿತ್ತು, ಕಬ್ಬಿಣದ ಸರಳುಗಳನ್ನು ಕತ್ತರಿಸಿ, ಮೊಳದಗಲದ ಕಿಂಡಿ ಮಾಡಿದ. ಚಪ್ಪಡಿಯ ಕೆಳಗೆ ಮಣ್ಣೇ ಇರಲಿಲ್ಲ. ಕೊಳದ ಭಾರಕ್ಕೆ ಕಮಾನಿನ ಹೆಗಲು ಕುಸಿದು, ಸೋರಿದ ನೀರು ಮೇಲಿನ ಮಣ್ಣನ್ನೆಲ್ಲ ಆ ತೂತಿನೊಳಗೆ ತೊಳೆದುಕೊಂಡು ಹೋಗಿತ್ತು. ಮೂಲೆ ಬರೀ ತನ್ನ ಸರಳುಗಳಿಂದ ಗಾಳಿಯಲ್ಲಿ ತೂಗಿಕೊಂಡಿತ್ತು. ಕಿಂಡಿಯಿಂದ ತಣ್ಣಗಿನ ಉಸಿರು ಮೇಲೆ ಬಂತು, ಅದರಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ.

ತಿಲಕ್ ಹೊಟ್ಟೆಯ ಮೇಲೆ ಮಲಗಿ ಟಾರ್ಚು ಬಿಟ್ಟ.

"ನೀರಿದೆ ಮೇಸ್ತ್ರಿ. ತುಂಬಾ. ಹೆಚ್ಚುಕಮ್ಮಿ ತುಂಬಿದೆ."

ಯೆರ್ಕೊನೂ ಮಲಗಿ ನೋಡಿದ. ನಡುವೆ ಅವನು ಸುರಿದ ಕಲ್ಲಿನ ಹುತ್ತ. ಅದರ ಸುತ್ತ ಕಪ್ಪು, ನಿಶ್ಚಲ, ತಿಳಿಯಾದ ನೀರು. ಏಪ್ರಿಲಿನಿಂದ ದಿನಕ್ಕೆ ಮೂರು ಬೆರಳಿನಂತೆ ಕೊಳ ಬಿಟ್ಟುಕೊಟ್ಟದ್ದನ್ನೆಲ್ಲ ಅಜ್ಜನ ಸುಣ್ಣ ಹಿಡಿದಿಟ್ಟುಕೊಂಡಿತ್ತು. ಎದೆಯ ಮೇಲೆ ಇಷ್ಟು ಕಲ್ಲು ಸುರಿದು, ಹೆಗಲು ಮುರಿದು, ಬಾಯಿಕಲ್ಲು ಕಿತ್ತು ಹೂಕುಂಡ ಮಾಡಿದ ಮೇಲೂ ಅದು ತನ್ನ ಕೆಲಸ ಬಿಟ್ಟಿರಲಿಲ್ಲ. ಯೆರ್ಕೊನಿಗೆ ಅಳು ಬರಲಿಲ್ಲ, ಕೋಪ ಬಂತು, ಈ ಕಲ್ಲಿನ ಹಟದ ಮೇಲೆ, ಇಷ್ಟು ಒಳ್ಳೆಯದನ್ನು ಕಟ್ಟಿ ತನ್ನಂಥವನ ಕೈಗೆ ಬಿಟ್ಟು ಸತ್ತ ಅಜ್ಜನ ಮೇಲೆ. ಟಾರ್ಚನ್ನು ಗೋಡೆಯ ಬುಡಕ್ಕೆ ತಿರುಗಿಸಿದ. ಏನೂ ಇರಲಿಲ್ಲ. ಏನಾದರೂ ಇದ್ದರೆ ಹುತ್ತದ ಕೆಳಗಿತ್ತು.

"ಮುಚ್ಚು ಅದನ್ನ," ಸ್ಲಾವೆನ್‌ನ ದನಿ ಈಗ ಕೆಳಗಿಳಿದಿತ್ತು. "ಮಾವಾ, ಕೇಳು. ಒಂದು ಲಾರಿ ಕಾಂಕ್ರೀಟ್ ತರಿಸ್ತೀನಿ, ಈ ಕಿಂಡಿಯಿಂದ್ಲೇ ಸುರಿಯೋಣ. ನಾಳೆ ಬಿಲ್ಲೆ. ಶನಿವಾರಕ್ಕೆ ಯಾರಿಗೂ ಗೊತ್ತಾಗಲ್ಲ."

"ಇನ್ನೊಂದು ಸಲ ನೀರಿನ ಮೇಲೆ ಸುರಿಯೋದಾ?" ಯೆರ್ಕೊ ಎದ್ದು ಮೊಣಕಾಲು ಒರೆಸಿಕೊಂಡ. "ನೀನು ಕೇಳಿಸ್ಕೋ ಸ್ಲಾವೆನ್, ಒಂದೇ ಸಲ ಹೇಳ್ತೀನಿ. ಶನಿವಾರ ಯಾರೂ ಬರಲ್ಲ. ಕೊಳದ ಈ ಕಾಲುಭಾಗ ಕತ್ತರಿಸಿ ತೆಗೀಬೇಕು. ತೊಟ್ಟಿಯಿಂದ ಕಲ್ಲನ್ನೆಲ್ಲ ಕೈಯಲ್ಲಿ ಎತ್ತಬೇಕು, ಒಂದೊಂದಾಗಿ. ಆಮೇಲೆ ಬಂಡೆ ಮೇಲೆ ನಾಲ್ಕು ಕಂಬ ನಿಲ್ಲಿಸಿ ಆ ಮೂಲೆ ಹೊರಿಸಬೇಕು. ಎರಡು ತಿಂಗಳು. ಇಲ್ಲಾಂದ್ರೆ ಯಾವುದೋ ದಿನ ಮೂರು ಮಕ್ಕಳು ಈ ಮೂಲೇಲಿ ಆಡ್ತಿರ್ತಾರೆ."

"'ನೀನು' ಅಂತೀಯಾ ನಂಗೆ?"

"ಅಂತೀನಿ. ಮೂಗು ಒರೆಸಿದ್ದೀನಿ ನಿಂಗೆ."

ತಿಲಕ್‌ನ ಕೈಯಿಂದ ಕಾಗದ ತೆಗೆದುಕೊಂಡು ಅವನ ಹೆಸರಿನ ಮೇಲೆ ಬಡಗಿಯ ದಪ್ಪ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದ, ಕಾಗದ ಹರಿಯುವಷ್ಟು ಒತ್ತಿ. ಪಕ್ಕದಲ್ಲಿ ತನ್ನ ಹೆಸರು, ಪರವಾನಗಿಯ ನಂಬರು ಬರೆದ. ಅದರ ಕೆಳಗೆ, ಅಕ್ಷರ ಸೊಟ್ಟಗಾಗುತ್ತಿದ್ದರೂ, ಹೀಗೆ ಬರೆದ: ಕೆಳಗೆ ತೊಟ್ಟಿ ಇದೆ. ನೀರು ತೆಗೆಯದೆ, ಕಮಾನು ಒಡೆಯದೆ ತುಂಬಿದವನು ನಾನು. ತೊಟ್ಟಿ ಇದ್ದದ್ದು ಮಾಲೀಕನಿಗೆ ಗೊತ್ತಿತ್ತು. ತಿಲಕ್ ಥಾಪಾ ಬೇಡ ಎಂದಿದ್ದ. ಕೊಳ ಸುರಕ್ಷಿತವಲ್ಲ. ಫೋನಿನಲ್ಲಿ ಅದರ ಫೋಟೊ ತೆಗೆದು ಕಾಗದದ ನೆತ್ತಿಯಲ್ಲಿದ್ದ ಕಂಪನಿಯ ವಿಳಾಸಕ್ಕೆ ಕಳಿಸಿ, ಕಾಗದವನ್ನು ತಿಲಕ್‌ನ ಅಂಗೈಯಲ್ಲಿಟ್ಟ.

"ಇದನ್ನ ಇವನಿಗೆ ಕೊಡ್ಬೇಡ. ಕಾರ್ಮಿಕರ ಕಚೇರೀಲಿ ಕೊಡು. ನಾನೂ ಬರ್ತೀನಿ."

"ಇಬ್ಬರೂ ಸತ್ರಿ," ಎಂದ ಸ್ಲಾವೆನ್. "ಈ ಕರಾವಳೀಲಿ ನಿಂಗೆ ಒಂದು ಇಟ್ಟಿಗೆ ಕೆಲಸ ಸಿಕ್ಕಿದ್ರೆ ಹೇಳು." ಕುಂಟುತ್ತ, ಯಾರಿಗೋ ಫೋನು ಹಚ್ಚುತ್ತ ಮೇಲೆ ಹೋದ. ಅವನ ಹಿಮ್ಮಡಿಯ ರಕ್ತ ಬೂದು ಬಿಲ್ಲೆಗಳ ಮೇಲೆ ಒಂದೊಂದೇ ಚುಕ್ಕೆಯಾಗಿ ಬಾಗಿಲ ತನಕ ಹೋಯಿತು.

ತಿಲಕ್ ಕಾಗದವನ್ನು ಎರಡು ಸಲ ಮಡಚಿ ಒಳಜೇಬಿಗೆ ಹಾಕಿಕೊಂಡ. ಧನ್ಯವಾದ ಹೇಳಲಿಲ್ಲ. ಹೇಳದೆ ಇದ್ದದ್ದು ಸರಿ ಎನಿಸಿತು ಯೆರ್ಕೊನಿಗೆ.

ಮಷೀನಿನ ಸದ್ದಿಗೆ ಎದ್ದು ಬಂದ ವಿನ್ಕಾ ಗೋಡೆಯ ಮುರುಕಿನಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಮಾರಿದ ಮೇಲೆ ಈ ಅಂಗಳಕ್ಕೆ ಕಾಲಿಟ್ಟವಳಲ್ಲ. ಈಗ ಕಲ್ಲು ದಾಟಿ, ಇಟಲಿಯ ಬಿಲ್ಲೆಯ ಚೂರುಗಳನ್ನು ತುಳಿದುಕೊಂಡು ಬಂದು ಕಿಂಡಿಗೆ ಬಗ್ಗಿದಳು. ಮೂಗರಳಿಸಿ ವಾಸನೆ ನೋಡಿದಳು. ಅವಳ ಬೆನ್ನು ನೋಡುತ್ತ ಯೆರ್ಕೊ ಹೇಳಿದ, ನಯವಿಲ್ಲದೆ, ಒಂದೇ ಉಸಿರಿಗೆ.

"ಅಕ್ಕಾ, ನದಿಗೆ ಬಿಡ್ಲಿಲ್ಲ. ಇಲ್ಲೇ ಇದ್ದಳು. ನೋಡಿದೆ. ನೋಡಿಯೇ ಸುರಿದೆ."

ಅವಳು ತಿರುಗಲಿಲ್ಲ. ಪಂಪು ಗುರುಗುಡುತ್ತಿತ್ತು. ಮುಳ್ಳುಹೊಲದಲ್ಲಿ ನೀಲಿ ನೀರು ಕಲ್ಲುಗಳ ಮೇಲೆ ಬಿದ್ದು ಬಿದ್ದಲ್ಲೇ ಮಾಯವಾಗುತ್ತಿತ್ತು.

"ಹಾಗಾದ್ರೆ ಆರು ವರ್ಷ," ಅಂದಳು ಕೊನೆಗೆ, "ಸೇತುವೆ ಮೇಲೆ ನಾನು ಯಾರನ್ನ ನೋಡ್ತಿದ್ದೆ?"

ಅವಳು ಬಂದ ದಾರಿಯಲ್ಲೇ ಹೋದಳು. ಮುಗಿಯಿತು ಎಂದುಕೊಂಡ ಯೆರ್ಕೊ. ಆದರೆ ಅವಳು ಮರಳಿ ಬಂದಳು, ಒಂದು ಕೈಯಲ್ಲಿ ಹಳೆಯ ಸೇದುಹಗ್ಗ ಮತ್ತು ತಗಡಿನ ಬಕೆಟ್ಟು, ಇನ್ನೊಂದರಲ್ಲಿ ತವರದ ಲೋಟ. ಕಿಂಡಿಯ ಪಕ್ಕ ಕಾಲು ಅಗಲಿಸಿ ನಿಂತು ಹಗ್ಗ ಬಿಟ್ಟಳು. ಬಕೆಟ್ಟು ನೀರನ್ನು ಮುಟ್ಟಿ ಮಗುಚಿ ಮುಳುಗಿದ ಸದ್ದು ಕೇಳಿ ತಿಲಕ್ ತಲೆಯ ಮೇಲಿನ ಟೋಪಿ ತೆಗೆದ. ಕೈ ಕೊಡಲು ಬಂದ ಯೆರ್ಕೊನನ್ನು ಮೊಣಕೈಯಿಂದ ತಳ್ಳಿ ಅವಳು ತಾನೇ ಸೇದಿದಳು, ಕೈ ಮೇಲೆ ಕೈ, ಏಳು ವರ್ಷದವನನ್ನು ಮೇಲೆಳೆದ ಹಾಗೆಯೇ. ಲೋಟ ಅದ್ದಿ, ತುಂಬಿ, ಅವನ ಮುಂದೆ ಹಿಡಿದಳು.

"ಕುಡಿ."

ನೀರಿನಲ್ಲಿ ಆಕಾಶದ ಒಂದು ಚೂರಿತ್ತು. ಅವನು ಕುಡಿದ. ಔಷಧದ ಕಮಟು ಗಂಟಲು ಸುಟ್ಟಿತು. ಅದರ ಹಿಂದೆ ಸುಣ್ಣ, ಸುಣ್ಣದ ಹಿಂದೆ ಕಲ್ಲು, ಕಲ್ಲಿನ ಹಿಂದೆ ಇನ್ನೇನೋ ಇತ್ತು. ಅವನಿಗೆ ಅದರ ಗುರುತು ಹತ್ತಿತು, ಹೆಸರಿಡಲಿಲ್ಲ. ವಿನ್ಕಾ ಅವನ ಗಂಟಲನ್ನೇ ನೋಡುತ್ತಿದ್ದಳು. ಕೊನೆಯ ಗುಟುಕು ಇಳಿದ ಮೇಲೆ ಲೋಟವನ್ನು ಅವನ ಕೈಯಿಂದ ಕಿತ್ತುಕೊಂಡು ಮತ್ತೆ ಬಕೆಟ್ಟಿಗೆ ಅದ್ದಿದಳು.